ಮಣ್ಣಿನ ಇಟ್ಟಿಗೆ ಮನೆ: ಮೊದಲು ಮಣ್ಣು ನೋಡಿ, ಆಮೇಲೆ ಮೆಷಿನ್

ನಮ್ಮ ಮನೆ ನೋಡಲು ಬರುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಇಟ್ಟಿಗೆ ಒತ್ತುವ ಮೆಷಿನ್ ಎಲ್ಲಿ ಸಿಗುತ್ತೆ?" ಮೆಷಿನ್ ಬಾಡಿಗೆಗೂ ಸಿಗುತ್ತೆ, ಕೊಂಡುಕೊಳ್ಳಲೂ ಸಿಗುತ್ತೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಜಾಗದಲ್ಲಿ ಎರಡಡಿ ಕೆಳಗೆ ಎಂಥ ಮಣ್ಣಿದೆ ಅಂತ ಗೊತ್ತಾ? ಗೊತ್ತಿಲ್ಲದಿದ್ದರೆ ಇವತ್ತೇ ಒಂದು ಗುದ್ದಲಿ ತಗೊಂಡು ಹೋಗಿ.

ನಮ್ಮದು ತುಮಕೂರು ಜಿಲ್ಲೆ, ಗುಬ್ಬಿ ತಾಲ್ಲೂಕು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ, ಯಜಮಾನರು ತೋಟ ನೋಡಿಕೊಳ್ಳುತ್ತಾರೆ. ತೆಂಗಿನ ತೋಟದ ಅಂಚಿನಲ್ಲಿ 20 ಅಡಿಗೆ 30 ಅಡಿ ಅಳತೆಯ ಮನೆ ಕಟ್ಟಿದ್ದೇವೆ. ಗೋಡೆ ಪೂರ್ತಿ, ಸ್ವಲ್ಪ ಸಿಮೆಂಟ್ ಬೆರೆಸಿ ಮೆಷಿನ್‌ನಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ. ಸುಟ್ಟಿಲ್ಲ. ಹೊರಗೆ ಪ್ಲಾಸ್ಟರ್ ಮಾಡಿಲ್ಲ. ಲೆಕ್ಕ ಬರೆದಿಡುವುದು ನನಗೆ ಅಭ್ಯಾಸ, ಹಾಗಾಗಿ ಇಲ್ಲಿ ಅಂಕಿಗಳು ಸ್ವಲ್ಪ ಜಾಸ್ತಿ ಬರುತ್ತವೆ. ಮನೆ ಕಟ್ಟುವವರಿಗೆ ಅವು ಬೇಕೇ ಬೇಕು.

ಈ ಇಟ್ಟಿಗೆಗೂ ನಮ್ಮ ಜಿಲ್ಲೆಗೂ ಹಳೆಯ ನಂಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಅನ್ನುವ ವಿಭಾಗ ಶುರು ಮಾಡಿದರು. ವಿಜ್ಞಾನ ಹಳ್ಳಿಗೆ ಉಪಯೋಗ ಆಗಬೇಕು ಅನ್ನುವುದು ಅದರ ಉದ್ದೇಶ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ಕೇಂದ್ರ ಇತ್ತು. ಪ್ರೊಫೆಸರ್ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಇವರೆಲ್ಲ ದಶಕಗಟ್ಟಲೆ ಈ ಇಟ್ಟಿಗೆಯ ಮೇಲೆ ಕೆಲಸ ಮಾಡಿದ್ದಾರೆ. ಕೈಯಲ್ಲಿ ಒತ್ತುವ 'ಮರ್ದಿನಿ' ಮೆಷಿನ್ ಬಂದದ್ದೂ ಅಲ್ಲಿಂದಲೇ. ತಮಿಳುನಾಡಿನ ಕಡೆ ಆರೋವಿಲ್‌ನವರ 'ಆರಂ' ಮೆಷಿನ್ ಹೆಸರುವಾಸಿ. ಎರಡೂ ಒಳ್ಳೆಯವೇ.

ಒಣಹುಲ್ಲಿನ ಬೇಲ್ (ಬಿಗಿಯಾಗಿ ಒತ್ತಿ ಕಟ್ಟಿದ ಹುಲ್ಲಿನ ಕಟ್ಟು) ಜೋಡಿಸಿ ಮನೆ ಕಟ್ಟಬಹುದಲ್ವಾ ಅಂತಲೂ ಕೆಲವರು ಕೇಳುತ್ತಾರೆ. ಕಟ್ಟಬಹುದು. ಅಮೆರಿಕದ ನೆಬ್ರಾಸ್ಕಾದಲ್ಲಿ ಮರವೇ ಇಲ್ಲದ ಮರಳುಗುಡ್ಡದ ಸೀಮೆಯಲ್ಲಿ ಅದು ಶುರುವಾಯಿತು. ಅಲ್ಲಿನ ಆರ್ಥರ್ ಊರಲ್ಲಿ 1928ರಲ್ಲಿ ಹುಲ್ಲಿನ ಬೇಲ್‌ನಲ್ಲೇ ಒಂದು ಚರ್ಚು ಕಟ್ಟಿದ್ದಾರೆ. ಚಳಿ ಜಾಸ್ತಿ ಇರುವ ಕಡೆ ದಪ್ಪ ಹುಲ್ಲಿನ ಗೋಡೆ ಮನೆಯನ್ನು ಬೆಚ್ಚಗಿಡುತ್ತದೆ. ನಮ್ಮಲ್ಲಿ ಹುಲ್ಲು ದನದ ಮೇವು. ಜೊತೆಗೆ ಬೇಲ್‌ನ ಒಳಗೆ ತೇವ ಹೊಕ್ಕರೆ ಹುಲ್ಲು ಕೊಳೆಯುತ್ತದೆ. ಕಾಲ ಕೆಳಗೇ ಕೆಂಪು ಮಣ್ಣು ಇರುವಾಗ ನಾವು ಮಣ್ಣನ್ನೇ ಹಿಡಿದೆವು. ಹುಲ್ಲಿಗೂ ಈ ಮನೆಯಲ್ಲಿ ಒಂದು ಕೆಲಸ ಇದೆ, ಮುಂದೆ ಹೇಳುತ್ತೇನೆ.

ಮಣ್ಣಿನ ಪರೀಕ್ಷೆ

ಮೇಲಿನ ಒಂದೂವರೆ-ಎರಡು ಅಡಿ ಮಣ್ಣು ಬೇಡ. ಅದರಲ್ಲಿ ಬೇರು, ಗೊಬ್ಬರದ ಅಂಶ ಇರುತ್ತದೆ. ಅದನ್ನು ತೆಗೆದು ತೋಟಕ್ಕೆ ಹಾಕಿ. ಅದರ ಕೆಳಗಿನ ಮಣ್ಣನ್ನು ಎರಡು-ಮೂರು ಕಡೆಯಿಂದ ತೆಗೆಯಿರಿ.

ಉದ್ದನೆಯ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದು ನಿಮಿಷದೊಳಗೆ ತಳಕ್ಕೆ ಕೂರುತ್ತದೆ. ಅದರ ಮೇಲೆ ನುಣ್ಣನೆಯ ಗೋಡು. ಜೇಡಿ ಕೂರಲು ಒಂದು ದಿನ ಬೇಕು. ಮಾರನೇ ದಿನ ಸ್ಕೇಲ್ ಹಿಡಿದು ಮೂರೂ ಪದರ ಅಳೆಯಿರಿ. ಜೇಡಿ ನೀರು ಕುಡಿದು ಉಬ್ಬಿರುತ್ತದೆ, ಹಾಗಾಗಿ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ಕಾಣುತ್ತದೆ. ಆದರೂ ಅಂದಾಜಿಗೆ ಇಷ್ಟು ಸಾಕು.

ನಮಗೆ ಬೇಕಾದದ್ದು ಮರಳು ನೂರಕ್ಕೆ 65ಕ್ಕಿಂತ ಜಾಸ್ತಿ, ಜೇಡಿ ಸುಮಾರು 15. ನಮ್ಮ ಮಣ್ಣಿನಲ್ಲಿ ಮರಳು 50, ಗೋಡು 20, ಜೇಡಿ 30ರ ಹತ್ತಿರ ಇತ್ತು. ಕೆಂಪು ಮಣ್ಣಿನ ಸೀಮೆಯಲ್ಲಿ ಇದು ಮಾಮೂಲು. ಇದಕ್ಕೆ ಅಷ್ಟೇ ತೂಕದ ಮರಳು ಸೇರಿಸಿದರೆ ಏನಾಗುತ್ತೆ ನೋಡಿ: ಮರಳು 75, ಗೋಡು 10, ಜೇಡಿ 15. ಎಂಟನೇ ಕ್ಲಾಸಿನ ಮಕ್ಕಳು ಮಾಡುವ ಲೆಕ್ಕ. ಈ ಲೆಕ್ಕದ ಮೇಲೆಯೇ ಇಡೀ ಮನೆ ನಿಂತಿದೆ. ನದಿ ಮರಳು ಬೇಕಿಲ್ಲ, ಕಲ್ಲು ಕ್ರಷರ್‌ನ ಪುಡಿಯೂ ನಡೆಯುತ್ತದೆ.

ಸಿಮೆಂಟ್ ಹಿಡಿದುಕೊಳ್ಳುವುದು ಮರಳಿನ ಕಣಗಳನ್ನು. ಜೇಡಿ ನೀರು ಸಿಕ್ಕಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಜೇಡಿ ಜಾಸ್ತಿ ಇದ್ದರೆ ಸಿಮೆಂಟ್ ಹಿಡಿತ ಒಳಗೊಳಗೇ ಬಿಟ್ಟುಹೋಗುತ್ತದೆ. ಜೇಡಿ ತೀರಾ ಕಡಿಮೆಯಾದರೆ ಇನ್ನೊಂದು ತೊಂದರೆ, ಮೆಷಿನ್‌ನಿಂದ ಎತ್ತುವಾಗಲೇ ಹಸಿ ಇಟ್ಟಿಗೆಯ ಅಂಚು ಉದುರುತ್ತದೆ.

ಎರೆ ಮಣ್ಣಿನವರು ದಯವಿಟ್ಟು ಈ ಇಟ್ಟಿಗೆಗೆ ಆ ಮಣ್ಣು ಬಳಸಬೇಡಿ. ಅದರ ಜೇಡಿಯ ಜಾತಿಯೇ ಬೇರೆ, ವಿಪರೀತ ಉಬ್ಬುತ್ತದೆ. ಹತ್ತಿರದ ಊರಿನಿಂದ ಕೆಂಪು ಮಣ್ಣೋ ಗರಸೋ ತರಿಸಿಕೊಳ್ಳಿ. ಅನುಮಾನ ಇದ್ದರೆ ಇನ್ನೊಂದು ಪರೀಕ್ಷೆ ಇದೆ. 60 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, 4 ಸೆಂ.ಮೀ. ಆಳದ ಮರದ ಪೆಟ್ಟಿಗೆ ಮಾಡಿಸಿ, ಒಳಗೆ ಎಣ್ಣೆ ಸವರಿ, ಚೆನ್ನಾಗಿ ಕಲಸಿದ ಒದ್ದೆ ಮಣ್ಣು ಒತ್ತಿ ತುಂಬಿ. ಪೂರ್ತಿ ಒಣಗಿದ ಮೇಲೆ ಮಣ್ಣನ್ನು ಒಂದು ತುದಿಗೆ ತಳ್ಳಿ ಖಾಲಿ ಜಾಗ ಅಳೆಯಿರಿ. 12 ಮಿ.ಮೀ.ಗಿಂತ ಕಡಿಮೆ ಕುಗ್ಗಿದ್ದರೆ ಬಹಳ ಒಳ್ಳೆಯ ಮಣ್ಣು. 50 ಮಿ.ಮೀ. ಹತ್ತಿರ ಬಂದರೆ ಹಾಗೇ ಬಳಸಬೇಡಿ, ಮರಳು ಬೆರೆಸಿ ಮತ್ತೆ ಪರೀಕ್ಷೆ ಮಾಡಿ.

ಎಷ್ಟು ಇಟ್ಟಿಗೆ, ಎಷ್ಟು ಸಿಮೆಂಟ್

ನಾವು ಬಳಸಿದ್ದು 230 ಮಿ.ಮೀ. ಉದ್ದ, 190 ಅಗಲ, 100 ಎತ್ತರದ ಇಟ್ಟಿಗೆ. ಗೋಡೆ ದಪ್ಪ 190 ಮಿ.ಮೀ., ಅಂದರೆ ಏಳೂವರೆ ಇಂಚು. ಸಂದಿಯ ಗಾರೆ ಸೇರಿಸಿ ಲೆಕ್ಕ ಹಾಕಿದರೆ ಒಂದು ಚದರ ಅಡಿ ಗೋಡೆಗೆ ಮೂರೂವರೆ ಇಟ್ಟಿಗೆ ಬೇಕು. ನಮ್ಮ ಹೊರಗೋಡೆ 100 ಅಡಿ, ಒಳಗೋಡೆ 45 ಅಡಿ, ಎತ್ತರ 10 ಅಡಿ. ಒಟ್ಟು 1450 ಚದರ ಅಡಿ. ಬಾಗಿಲು ಕಿಟಕಿಗೆ 250 ಕಳೆದರೆ 1200. ಮೂರೂವರೆಯಿಂದ ಗುಣಿಸಿ: 4200. ಒಡೆಯುವುದಕ್ಕೆ, ತುಂಡು ಮಾಡುವುದಕ್ಕೆ ಅಂತ 200 ಸೇರಿಸಿಕೊಳ್ಳಿ.

ಒಂದು ಇಟ್ಟಿಗೆಯಲ್ಲಿ ಒಣ ತೂಕದ ಲೆಕ್ಕದಲ್ಲಿ ಸುಮಾರು 7.3 ಕಿಲೋ ಮಣ್ಣು-ಮರಳು, ಅರ್ಧ ಕಿಲೋಗಿಂತ ಸ್ವಲ್ಪ ಮೇಲೆ ಸಿಮೆಂಟ್. ಇದು ನೂರಕ್ಕೆ 7ರ ಲೆಕ್ಕ. 50 ಕಿಲೋ ಮೂಟೆಗೆ 90 ಇಟ್ಟಿಗೆ ಬರುತ್ತದೆ. 4400 ಇಟ್ಟಿಗೆಗೆ 49 ಮೂಟೆ. ಮಣ್ಣು-ಮರಳು ಎರಡೂ ಸೇರಿ 32 ಟನ್, ಅದರಲ್ಲಿ ಅರ್ಧ ಮರಳು.

ನಮ್ಮ ಮೇಸ್ತ್ರಿಗೆ ಈ 7 ಅನ್ನುವ ಅಂಕಿ ಸಮಾಧಾನ ಇರಲಿಲ್ಲ. "ಮೇಡಮ್ಮೋರೇ, ಇನ್ನೊಂದೆರಡು ಬಾಂಡ್ಲಿ ಸಿಮೆಂಟ್ ಹಾಕಿಬಿಡೋಣ, ಕಲ್ಲಿನಂಗೆ ಬರ್ತದೆ" ಅಂದರು. "ಬೇಡ ಮೇಸ್ತ್ರಿ, ಅದರ ಬದಲು ಮಣ್ಣನ್ನ ಇನ್ನೊಂದು ಸಲ ಜರಡಿ ಹಿಡಿಸಿ" ಅಂದೆ. ಸಿಮೆಂಟ್ ಜಾಸ್ತಿ ಹಾಕಿ ಕೆಟ್ಟ ಮಣ್ಣನ್ನು ಸರಿ ಮಾಡಲು ಆಗುವುದಿಲ್ಲ. ಒಳ್ಳೆಯ ಮಣ್ಣಿಗೆ ಜಾಸ್ತಿ ಸಿಮೆಂಟ್ ಬೇಕಾಗುವುದಿಲ್ಲ. ಈ ಬರಹದಲ್ಲಿ ನೀವು ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಕಲಸುವುದು, ಒತ್ತುವುದು

ಮಣ್ಣನ್ನು 5 ಮಿ.ಮೀ. ಜರಡಿಯಲ್ಲಿ ಜಾಲಿಸಿ. ಉಂಡೆ ಉಳಿದರೆ ಇಟ್ಟಿಗೆಯಲ್ಲಿ ಅದೇ ಜಾಗ ಮೊದಲು ಕರಗುತ್ತದೆ. ಮಣ್ಣು, ಮರಳು, ಸಿಮೆಂಟ್ ಒಣದಾಗಿಯೇ ಬೆರೆಸಿ, ಬಣ್ಣ ಒಂದೇ ಸಮ ಆಗುವವರೆಗೆ ಸನಿಕೆಯಲ್ಲಿ ತಿರುವಿ ಹಾಕಿ. ಆಮೇಲೆ ನೀರು ಚಿಮುಕಿಸಿ. ಕೊಡದಿಂದ ಸುರಿಯಬೇಡಿ. ಹೂವಿನ ಗಿಡಕ್ಕೆ ಹಾಕುವ ಜರಡಿ ಮೂತಿಯ ಕ್ಯಾನ್ ಇದ್ದರೆ ಒಳ್ಳೆಯದು.

ನೀರು ಎಷ್ಟು ಅನ್ನುವುದಕ್ಕೆ ಕೈಯೇ ಅಳತೆ. ಒಂದು ಹಿಡಿ ತಗೊಂಡು ಬಿಗಿಯಾಗಿ ಒತ್ತಿ ಉಂಡೆ ಮಾಡಿ. ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ಚೂರಾದರೆ ನೀರು ಸರಿ ಇದೆ. ಪುಡಿಪುಡಿ ಆದರೆ ನೀರು ಸಾಲದು. ಚಪ್ಪಟೆಯಾಗಿ ಕೂತರೆ ಜಾಸ್ತಿ ಆಯಿತು. ಸರಿಯಾದ ಹದದಲ್ಲಿ ಅಂಗೈಗೆ ತಣ್ಣಗೆ ತಾಗುತ್ತದೆ, ಕೆಸರು ಮೆತ್ತಿಕೊಳ್ಳುವುದಿಲ್ಲ. ಬಿಸಿಲೇರಿದ ಹಾಗೆ ರಾಶಿ ಒಣಗುತ್ತಾ ಹೋಗುತ್ತದೆ, ಅದಕ್ಕೇ ಪ್ರತಿ ರಾಶಿಗೂ ಹೊಸದಾಗಿ ಉಂಡೆ ಬಿಟ್ಟು ನೋಡಬೇಕು. ಸಿಮೆಂಟ್‌ಗೆ ನೀರು ಬಿದ್ದ ಮೇಲೆ ಒಂದು ಗಂಟೆಯೊಳಗೆ ಒತ್ತಿ ಮುಗಿಸುವಷ್ಟು ಮಾತ್ರ ಕಲಸಿ. ಉಳಿದದ್ದಕ್ಕೆ ಮತ್ತೆ ನೀರು ಹಾಕಿ ಬಳಸಲೇಬೇಡಿ.

ಮೆಷಿನ್ ಪಕ್ಕದಲ್ಲಿ ಒಂದು ತಕ್ಕಡಿ ತೂಗುಹಾಕಿ. ಇದು ಬಹಳ ಜನ ಬಿಟ್ಟುಬಿಡುವ ಕೆಲಸ. ಒಂದೊಂದು ಇಟ್ಟಿಗೆಗೂ ಒಂದೇ ತೂಕದ ಕಲಸು ಹೋಗಬೇಕು, ಈ ಅಳತೆಗೆ ಹಸಿಯಲ್ಲಿ 8.7 ಕಿಲೋ ಹತ್ತಿರ. ಪೆಟ್ಟಿಗೆ ಗಾತ್ರ ಬದಲಾಗುವುದಿಲ್ಲ, ಆದ್ದರಿಂದ ತೂಕ ಕಡಿಮೆಯಾದರೆ ಇಟ್ಟಿಗೆ ಪೊಳ್ಳು, ಅಷ್ಟೇ. ಬಾಂಡ್ಲಿ ಅಂದಾಜಿನಲ್ಲಿ ಹಾಕಿದರೆ ಬೆಳಗ್ಗೆ ಒಂದು ಥರ, ಸುಸ್ತಾದ ಮೇಲೆ ಸಾಯಂಕಾಲ ಇನ್ನೊಂದು ಥರ ಬರುತ್ತದೆ.

ಕಲಸನ್ನು ಪೆಟ್ಟಿಗೆಗೆ ಸುರಿದು, ನಾಲ್ಕೂ ಮೂಲೆಗೆ ಬೆರಳಿನಿಂದ ಒತ್ತಿ. ಮುಚ್ಚಳ ಹಾಕಿ. ಸನ್ನೆಕೋಲನ್ನು ಇಬ್ಬರು ಜಗ್ಗಬೇಕು. ಶುರುವಿನಲ್ಲಿ ಹಗುರ, ಕೊನೆಯ ಒಂದಡಿಯಲ್ಲಿ ಮೈಭಾರ ಪೂರ್ತಿ ಬೀಳಬೇಕು. ಕೊನೆಯಲ್ಲೂ ಸುಲಭವಾಗಿ ಇಳಿದರೆ ಒಳಗೆ ಮಣ್ಣು ಕಡಿಮೆ ಇದೆ ಅಂತ ಅರ್ಥ. ಮುಚ್ಚಳ ತೆಗೆದು ಕೋಲನ್ನು ಒತ್ತಿದರೆ ಇಟ್ಟಿಗೆ ಮೇಲೇಳುತ್ತದೆ. ಎರಡೂ ಅಂಗೈಯನ್ನು ಅಗಲವಾಗಿ ಬದಿಗಳಿಗೆ ಆನಿಸಿ ಎತ್ತಿ. ಬೆರಳು ಅಂಚಿಗೆ ತಾಗಿದರೆ ಅಲ್ಲಿ ಉದುರುತ್ತದೆ. ಐದಾರು ಜನರ ತಂಡ ದಿನಕ್ಕೆ 400 ಇಟ್ಟಿಗೆ ಮಾಡುತ್ತದೆ. 4400ಕ್ಕೆ ಎಷ್ಟು ದಿನದ ಕೂಲಿ ಅಂತ ಈಗ ನೀವೇ ಲೆಕ್ಕ ಹಾಕಬಹುದು.

ನೀರುಣಿಸುವುದು

ಹಸಿ ಇಟ್ಟಿಗೆಯನ್ನು ಅವತ್ತೇ ನೆರಳಿನಲ್ಲಿ ಐದಾರು ವರಸೆ ಎತ್ತರಕ್ಕೆ ಜೋಡಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ. ಮಾರನೇ ದಿನದಿಂದ ನೀರು. ಮೂರು ವಾರ ಒಂದು ಹೊತ್ತೂ ತಪ್ಪಬಾರದು. ಭತ್ತದ ಹುಲ್ಲು ಅಥವಾ ಗೋಣಿಚೀಲ ಮುಚ್ಚಿದರೆ ತೇವ ಹಿಡಿದಿರುತ್ತದೆ. ನಮ್ಮಲ್ಲಿ ತೆಂಗಿನ ಗರಿಯೂ ಉಪಯೋಗಕ್ಕೆ ಬಂತು. ನಾನು ಸ್ಕೂಲಿಗೆ ಹೋದಾಗ ಈ ಕೆಲಸ ನಮ್ಮತ್ತೆಯವರದು. ಹಗಲು ಎರಡು ಸಲ ಹುಲ್ಲೆತ್ತಿ ಒಳಗಿನ ಇಟ್ಟಿಗೆ ಮುಟ್ಟಿ ನೋಡುತ್ತಿದ್ದರು. ಮೇಲೆ ಮಾತ್ರ ಒದ್ದೆಯಿದ್ದರೆ ಅವರಿಗೆ ಆಗುತ್ತಿರಲಿಲ್ಲ. ಇಟ್ಟಿಗೆಗೆ ಬಲ ಬರುವುದು ಈ ಮೂರು ವಾರದಲ್ಲಿ. ಮನೆಯಲ್ಲಿ ಹೀಗೆ ಜವಾಬ್ದಾರಿ ಹೊರುವವರು ಒಬ್ಬರಾದರೂ ಇರಬೇಕು, ಕೂಲಿಯವರಿಗೆ ಬಿಟ್ಟು ಸುಮ್ನೆ ಕೂರುವ ಕೆಲಸ ಇದಲ್ಲ.

ಗೋಡೆ ಎಬ್ಬಿಸುವ ಮೊದಲು ನಾಲ್ಕಾರು ಇಟ್ಟಿಗೆ ಆರಿಸಿ ಎರಡು ದಿನ ನೀರಿನಲ್ಲಿ ಮುಳುಗಿಸಿಡಿ. ಹೊರಗೆ ತೆಗೆದು ಅಂಚನ್ನು ಉಗುರಿನಿಂದ ಕೆರೆಯಿರಿ. ಮೆತ್ತಗಾಗಿ ಉದುರಬಾರದು. ಇಷ್ಟಕ್ಕೇ ಬಿಡದೆ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ಒತ್ತಡ ಪರೀಕ್ಷೆ ಮಾಡಿಸಿ. ನೆನೆದ ಇಟ್ಟಿಗೆಯನ್ನೇ ಪರೀಕ್ಷೆ ಮಾಡಿ ಅಂತ ಒತ್ತಿ ಹೇಳಿ, ಯಾಕೆಂದರೆ ಒಣ ಇಟ್ಟಿಗೆಯ ಬಲ ನೆನೆದದ್ದಕ್ಕಿಂತ ಬಹಳ ಜಾಸ್ತಿ ತೋರಿಸುತ್ತದೆ. ನೆನೆದ ಇಟ್ಟಿಗೆ ಚದರ ಸೆಂಟಿಮೀಟರಿಗೆ 30 ಕಿಲೋ ತಡೆದರೆ ಧೈರ್ಯವಾಗಿ ಕಟ್ಟಿ. ಈ ಇಟ್ಟಿಗೆಗೆ ಐಎಸ್ 1725 ಅನ್ನುವ ಭಾರತೀಯ ಮಾನಕವೇ ಇದೆ. ಬ್ಯಾಂಕಿನವರು "ಮಣ್ಣಿನ ಮನೆಗೆ ಸಾಲ ಇಲ್ಲ" ಅಂದಾಗ ಆ ಹೆಸರೂ ಪರೀಕ್ಷೆಯ ವರದಿಯೂ ಎಂಜಿನಿಯರ್ ಸಹಿ ಇರುವ ಎಸ್ಟಿಮೇಟೂ ಮುಂದಿಡಿ.

ಪಾಯ, ಗೋಡೆ, ಚಾವಣಿ

ಪಾಯದ ವಿಷಯದಲ್ಲಿ ಹೊಸದೇನೂ ಇಲ್ಲ. ಸೈಜುಗಲ್ಲಿನ ಪಾಯ, ನೆಲಮಟ್ಟದಿಂದ ಎರಡಡಿ ಮೇಲೆ. ಮಳೆಹನಿ ನೆಲಕ್ಕೆ ಬಡಿದು ಚಿಮ್ಮುವುದು ಒಂದು-ಒಂದೂವರೆ ಅಡಿ ಎತ್ತರಕ್ಕೆ, ಅಷ್ಟು ಜಾಗದಲ್ಲಿ ಕಲ್ಲೇ ಇರಬೇಕು. ಕಲ್ಲಿನ ಮೇಲೆ ತೇವ ಏರದ ಹಾಗೆ ಕಾಂಕ್ರೀಟ್ ಪಟ್ಟಿ ಹಾಕಿಸಿ. ಗೆದ್ದಲಿಗೂ ಅಲ್ಲೇ ತಡೆ.

ಗಾರೆಗೆ ಒಂದು ಪಾಲು ಸಿಮೆಂಟ್, ಎರಡು ಪಾಲು ಜರಡಿ ಹಿಡಿದ ಮಣ್ಣು, ಆರು ಪಾಲು ಮರಳು. ಬರೀ ಸಿಮೆಂಟ್-ಮರಳಿಗಿಂತ ಇದು ಕರಣೆಯಲ್ಲಿ ನುಣುಪಾಗಿ ಹರಡುತ್ತದೆ, ಇಟ್ಟಿಗೆಗೂ ಚೆನ್ನಾಗಿ ಅಂಟುತ್ತದೆ. ಇಟ್ಟಿಗೆಯನ್ನು ಇಡುವ ಮೊದಲು ನೀರಿನಲ್ಲಿ ಅದ್ದಿ. ದಿನಕ್ಕೆ ಮೂರರಿಂದ ನಾಲ್ಕಡಿ ಎತ್ತರ ಸಾಕು. ಮೂಲೆಗಳನ್ನು ಮೊದಲು ಎಬ್ಬಿಸಿ, ನೂಲು ಕಟ್ಟಿ, ಪ್ರತಿ ವರಸೆಗೂ ರಸಮಟ್ಟ ಇಟ್ಟು ನೋಡಿ. ಪ್ಲಾಸ್ಟರ್ ಇಲ್ಲದ ಗೋಡೆಯಲ್ಲಿ ಅರ್ಧ ಇಂಚಿನ ಓರೆಯೂ ಜನ್ಮಪೂರ್ತಿ ಕಾಣುತ್ತಿರುತ್ತದೆ. ಬಾಗಿಲು ಕಿಟಕಿಗಳ ಮೇಲೆ ಕಂಬಿ ಹಾಕಿದ ಲಿಂಟಲ್ ಪಟ್ಟಿ ಎಲ್ಲ ಗೋಡೆಗಳನ್ನೂ ಸುತ್ತಿ ಬರಲಿ. ಖರ್ಚು ಅಂತ ಬಾಗಿಲ ಮೇಲೆ ಮಾತ್ರ ಹಾಕಿಸಬೇಡಿ.

ಕರೆಂಟಿನ ಪೈಪು ಎಲ್ಲೆಲ್ಲಿ ಬರುತ್ತದೆ ಅಂತ ಗೋಡೆ ಏಳುವ ಮೊದಲೇ ಸೀಮೆಸುಣ್ಣದಲ್ಲಿ ಬರೆದಿಡಿ. ಆಮೇಲೆ ಉಳಿ ಹಿಡಿದು ಕೊರೆಯುವುದು ಈ ಗೋಡೆಗೆ ಒಳ್ಳೆಯದಲ್ಲ. ನೀರಿನ ಪೈಪು ಗೋಡೆಯ ಒಳಗೆ ಬೇಡವೇ ಬೇಡ, ಹೊರಗೆ ಕಾಣುವ ಹಾಗೆ ಹೋಗಲಿ. ಸೋರಿದರೆ ಅವತ್ತೇ ಗೊತ್ತಾಗುತ್ತದೆ. ಬಚ್ಚಲುಮನೆಯಲ್ಲಿ ನಾಲ್ಕಡಿಯವರೆಗೆ ಕಲ್ಲು ಅಥವಾ ಸುಟ್ಟ ಇಟ್ಟಿಗೆ ಕಟ್ಟಿಸಿ, ಟೈಲ್ಸ್ ಹಾಕಿಸಿ.

ಚಾವಣಿ ಯಾವುದು ಅನ್ನುವುದು ನಿಮ್ಮ ಇಷ್ಟ. ನಾವು ಮಂಗಳೂರು ಹೆಂಚು ಹಾಕಿಸಿದೆವು. ಆರ್‌ಸಿಸಿಯೂ ಆಗುತ್ತದೆ, ಈ ಗೋಡೆ ಆ ಭಾರ ಹೊರುತ್ತದೆ. ಯಾವುದೇ ಆದರೂ ಸೂರು ಗೋಡೆಯಿಂದ ಎರಡೂವರೆ ಅಡಿ ಹೊರಗೆ ಚಾಚಬೇಕು. ತೆರೆದ ಮಣ್ಣಿನ ಗೋಡೆಗೆ ಗಾಳಿಮಳೆ ನೇರ ಹೊಡೆಯಬಾರದು.

ಕಾಲದ ಲೆಕ್ಕವನ್ನು ಮಳೆ ನಕ್ಷತ್ರದಿಂದ ಹಿಂದಕ್ಕೆ ಎಣಿಸಿ. ಭರಣಿ ಮಳೆ ಏಪ್ರಿಲ್ ಕೊನೆಗೆ ಶುರು. ಅಷ್ಟರೊಳಗೆ ಹೆಂಚು ಏರಬೇಕು. ಹಾಗಾದರೆ ದೀಪಾವಳಿ ಕಳೆದ ಮೇಲೆ ಮಣ್ಣು ಅಗೆದು ಇಟ್ಟಿಗೆ ಒತ್ತಲು ಶುರು ಮಾಡಿ, ಪಾಯ ಜೊತೆಜೊತೆಗೇ ಆಗಲಿ, ಸಂಕ್ರಾಂತಿ ಕಳೆದು ಗೋಡೆ ಎಬ್ಬಿಸಿ. ಬೇಸಿಗೆ ನಡುವೆ ಬೋರ್‌ವೆಲ್ ನೀರು ಕಡಿಮೆಯಾಗುವ ಊರಿನವರಿಗೆ ಇದರಿಂದ ಇನ್ನೊಂದು ಅನುಕೂಲ, ಇಟ್ಟಿಗೆಗೆ ನೀರುಣಿಸುವ ಕೆಲಸ ಆ ಹೊತ್ತಿಗೆ ಮುಗಿದಿರುತ್ತದೆ.

ಹುಲ್ಲು ಬರುವುದು ಒಳಗೋಡೆಗೆ

ಹೊರಗಡೆ ಇಟ್ಟಿಗೆಯ ಸಂದಿಗೆ ಪಾಯಿಂಟಿಂಗ್ ಮಾಡಿಸಿ ಹಾಗೇ ಬಿಡಿ. ಒಳಗಡೆ ನಾವು ಮಣ್ಣಿನ ಗಿಲಾವು ಮಾಡಿದೆವು. ಮೇಸ್ತ್ರಿಗಳು ಸಿಮೆಂಟ್ ಪ್ಲಾಸ್ಟರ್‌ಗೆ ಒತ್ತಾಯ ಮಾಡುತ್ತಾರೆ, ಒಪ್ಪಬೇಡಿ. ಗಟ್ಟಿ ಸಿಮೆಂಟ್ ಪದರ ಮಣ್ಣಿನ ಗೋಡೆಯ ಜೊತೆ ಹೊಂದಿಕೊಳ್ಳದೆ ಬಿರುಕು ಬಿಡುತ್ತದೆ, ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲ.

ಒಂದು ಪಾಲು ನುಣ್ಣಗೆ ಜರಡಿ ಹಿಡಿದ ಕೆಂಪು ಮಣ್ಣು, ಎರಡೂವರೆ ಪಾಲು ಮರಳು. ಭತ್ತದ ಹುಲ್ಲನ್ನು ಬೆರಳಿನ ಒಂದು ಗೆಣ್ಣಿನಷ್ಟು ಕತ್ತರಿಸಿ, ಎರಡು-ಮೂರು ಬೊಗಸೆ ಒಂದು ಬಾಂಡ್ಲಿ ಮಣ್ಣಿಗೆ. ನೀರು ಹಾಕಿ ತುಳಿದು ಒಂದು ವಾರ ಕೊಳೆಯಲು ಬಿಡಿ, ಒಣಗದ ಹಾಗೆ ದಿನಾ ನೀರು ಚಿಮುಕಿಸಿ. ವಾಸನೆ ಬರುತ್ತದೆ, ಬರಬೇಕು. ಹುಲ್ಲು ಮೆತ್ತಗಾಗಿ ಅದರ ಅಂಟು ಮಣ್ಣಿಗೆ ಸೇರುತ್ತದೆ. ಗಿಲಾವು ಒಣಗುವಾಗ ಬಿರುಕು ಬಿಡದ ಹಾಗೆ ಹಿಡಿದಿಡುವುದು ಈ ಹುಲ್ಲಿನ ಎಳೆಗಳೇ.

ಮೊದಲು ಗೋಡೆಯ ಒಂದು ಮೂಲೆಯಲ್ಲಿ ಮೊರದಗಲ ಹಚ್ಚಿ ಎರಡು ದಿನ ಬಿಡಿ. ಬಿರುಕು ಕಂಡರೆ ಮರಳು ಜಾಸ್ತಿ ಮಾಡಿ. ಕೈಯಾಡಿಸಿದಾಗ ಪುಡಿ ಉದುರಿದರೆ ಮಣ್ಣು ಜಾಸ್ತಿ ಮಾಡಿ. ಸರಿಹೋದ ಮೇಲೆ ಗೋಡೆ ಒದ್ದೆ ಮಾಡಿ ಅರ್ಧ ಇಂಚು ದಪ್ಪಕ್ಕೆ ಒಂದು ಸಲ ಹಚ್ಚಿ. ಅದು ಒಣಗಿದ ಮೇಲೆ ಹುಲ್ಲು ಕಡಿಮೆ ಇರುವ ತೆಳು ಪದರ ಇನ್ನೊಂದು. ಮೇಲೆ ಸುಣ್ಣ. ಪ್ಲಾಸ್ಟಿಕ್ ಪೇಂಟ್ ಹಚ್ಚಿದರೆ ಇಷ್ಟೆಲ್ಲ ಮಾಡಿದ್ದು ದಂಡ.

ಮೊದಲ ಮಳೆಗಾಲ ಮುಗಿದ ಮೇಲೆ ಮನೆ ಸುತ್ತ ಒಂದು ಸುತ್ತು ಹಾಕಿ. ಗಾಳಿ ಜಾಸ್ತಿ ಬೀಸುವ ಪಡುವಣ ಗೋಡೆಯನ್ನು ಹತ್ತಿರದಿಂದ ನೋಡಿ. ಪಾಯಿಂಟಿಂಗ್ ಬಿಟ್ಟ ಕಡೆ ಮತ್ತೆ ತುಂಬಿಸಿ. ಯಾವುದಾದರೂ ಇಟ್ಟಿಗೆಯ ಮುಖ ಸವೆದಿದ್ದರೆ ಎರಡು ಸೆಂ.ಮೀ. ಆಳಕ್ಕೆ ಕೆರೆದು, ನೀರು ಚಿಮುಕಿಸಿ, ಅದೇ ಮಣ್ಣು-ಮರಳು-ಸಿಮೆಂಟ್ ಕಲಸನ್ನು ಸ್ವಲ್ಪ ಒದ್ದೆಯಾಗಿ ಒತ್ತಿ ತುಂಬಿ, ಒಂದು ವಾರ ತೇವ ಆರದ ಹಾಗೆ ನೋಡಿಕೊಳ್ಳಿ. ಇದಕ್ಕೋಸ್ಕರ ಇಟ್ಟಿಗೆ ಒತ್ತಿದ ಮಣ್ಣನ್ನೇ ಎರಡು ಮೂಟೆ ತುಂಬಿ ಅಟ್ಟದ ಮೇಲೆ ಇಟ್ಟುಕೊಂಡಿರಿ. ಬೇರೆ ಗುಂಡಿಯ ಮಣ್ಣು ತಂದರೆ ಬಣ್ಣ ಹೊಂದುವುದಿಲ್ಲ.